ಒಂದು ದಿನವೂ ತಪ್ಪದ ಅಭಿಷೇಕ

ಹುಳಿತ ಹಾಲಿನ ವಾಸನೆ ಮೂಗಿಗೆ ಬಡಿದರೆ ಕೇದಾರನಿಗೆ ಮೂವತ್ನಾಲ್ಕನೆಯ ವಯಸ್ಸಿನಲ್ಲೂ ಹೊಟ್ಟೆ ತೊಳಸುತ್ತಿತ್ತು. ಹೊಳೆನರಸೀಪುರದಲ್ಲಿ ಹೊಳೆಯ ಕಡೆಗೆ ಇಳಿಯುವ ಗುಡಿ ಬೀದಿ, ಆ ಬೀದಿಯ ಕೊನೆಗೆ ಮಳಲೇಶ್ವರನ ಚಿಕ್ಕ ಗುಡಿ. ಅವನ ಅಪ್ಪ ಅಲ್ಲಿಯ ಅರ್ಚಕರು. ಲಿಂಗದ ಮೇಲೆ ಸುರಿದ ಹಾಲು, ಮೊಸರು, ಜೇನು, ಕಿವುಚಿದ ಬಾಳೆಹಣ್ಣು ಎಲ್ಲ ಒಂದಾಗಿ ತೂಬಿನಲ್ಲಿ ಹರಿದು ಹಿಂದುಗಡೆಯ ಕಲ್ಲುತೊಟ್ಟಿಗೆ ಬೀಳುತ್ತಿತ್ತು. ಆ ತೊಟ್ಟಿಯನ್ನು ಕೈಯಲ್ಲಿ ಬಳಿದು ತೊಳೆಯುವುದು ಕೇದಾರನ ಪಾಲಿನ ಕೆಲಸ. ನೊಣಗಳು, ಬಾವಲಿಯ ಹಿಕ್ಕೆ, ಬೆರಳ ಸಂದಿಯಲ್ಲಿ ಅಂಟು. ತೊಳೆದು ಸ್ಕೂಲಿಗೆ ಹೋದರೆ ಪಕ್ಕದಲ್ಲಿ ಕೂತವನು ಮೂಗು ಮುಚ್ಚಿಕೊಂಡು ಆಚೆ ಸರಿಯುತ್ತಿದ್ದ. ದೇವರು ಎಂದಾಗ ಬೇರೆಯವರಿಗೆ ಏನೇನು ನೆನಪಾಗುತ್ತಿತ್ತೋ. ಕೇದಾರನಿಗೆ ಆ ತೊಟ್ಟಿ ನೆನಪಾಗುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ಪೂಜೆ ಚಿಕ್ಕಪ್ಪ ಅಪ್ಪಾಜಿಯ ಕೈಗೆ ಹೋಯಿತು. ಕೇದಾರ ಹಾಸನಕ್ಕೆ ಬಂದು ಬಿ.ಎಂ. ರಸ್ತೆಯಲ್ಲಿ, ಮಿಕ್ಸಿ ರಿಪೇರಿ ಅಂಗಡಿಯ ಮಾಳಿಗೆಯಲ್ಲಿ ಒಂದು ಕಂಪ್ಯೂಟರ್ ಸೆಂಟರ್ ತೆರೆದ. ಆಗ ಅವನ ಕಣ್ಣಿಗೆ ಒಂದು ಸೋಜಿಗ ಬಿತ್ತು. ಊರು ಬಿಟ್ಟವರು ಬೇಸಿಗೆಯಲ್ಲಿ ಬಂದು ಮೇಲ್ ನೋಡುತ್ತ ಕೂರುತ್ತಿದ್ದರು. ಪುಣೆಯವರು, ದೆಹಲಿಯವರು, ಮಸ್ಕತ್ತಿನವರು. ಗುಡಿಯ ಮಾತೆತ್ತಿದರೆ ಸಾಕು, ಅವರ ಕಣ್ಣಲ್ಲಿ ನೀರು. ಅದೇ ಜನ ಗುಡಿಯೊಳಗೆ ಹೋದಾಗ ಕಾಲಿಗೆ ಎಣ್ಣೆ ಮೆತ್ತಿತೆಂದು ಕರ್ಚೀಫಿನಲ್ಲಿ ಒರೆಸಿಕೊಳ್ಳುತ್ತಿದ್ದರು. ವಾಸನೆ ತಾಗದಷ್ಟು ದೂರ ಹೋದವರಿಗೇ ಭಕ್ತಿ ಹೆಚ್ಚು ಎಂಬುದು ಅವನಿಗೆ ಹೊಳೆಯಿತು. ಹೇಸಿಗೆಯಾಯಿತು. ಆ ಹೇಸಿಗೆಯ ಬೆನ್ನಿಗೇ ಒಂದು ಯೋಚನೆಯೂ ಬಂತು.

೨೦೦೪ರ ಯುಗಾದಿಗೆ 'ನಿತ್ಯಸಂಕಲ್ಪ' ಎಂಬ ವೆಬ್‌ಸೈಟು ಹುಟ್ಟಿತು. ವರ್ಷದ ಚಂದಾ ಕಟ್ಟಿ, ಹೆಸರು, ಗೋತ್ರ, ನಕ್ಷತ್ರ ತುಂಬಿದರೆ ಮಳಲೇಶ್ವರನಿಗೆ ದಿನವೂ ಬೆಳಿಗ್ಗೆ ಏಳೂವರೆಗೆ ನಿಮ್ಮ ಹೆಸರಿನಲ್ಲಿ ರುದ್ರಾಭಿಷೇಕ. ಎಂಟು ಗಂಟೆಗೆ ಮೊಬೈಲಿಗೆ ಮೆಸೇಜು. ತಿಂಗಳಿಗೊಮ್ಮೆ ಅಂಚೆಯಲ್ಲಿ ಪ್ರಸಾದ.

ಅಭಿಷೇಕ ಮಾತ್ರ ಇರಲಿಲ್ಲ. ಅಪ್ಪಾಜಿ ಆರೂವರೆಗೆ ಬಾಗಿಲು ತೆಗೆದು, ಒಂದು ಕೊಡ ನೀರು ಹೊಯ್ದು, ದೀಪ ಹಚ್ಚಿ, ಏಳಕ್ಕೆ ಬೀಗ ಹಾಕಿಕೊಂಡು ಮನೆಗೆ ಹೋಗಿಬಿಡುತ್ತಿದ್ದರು. ಅವರಿಗೆ ಕೇದಾರ ಹೇಳಿದ್ದು ಇಷ್ಟೇ: "ಕಂಪ್ಯೂಟರಿನಲ್ಲಿ ಗುಡಿ ಫೋಟೋ ಹಾಕಿದೀನಿ ಚಿಕ್ಕಪ್ಪ, ದೂರದವರು ಅಲ್ಲಿಂದಲೇ ಕೈ ಮುಗೀತಾರೆ." ತಿಂಗಳಿಗೊಂದು ಮೂಟೆ ಅಕ್ಕಿ, ಒಂದು ಡಬ್ಬ ಎಣ್ಣೆ ಬಂದು ಬೀಳುತ್ತಿದ್ದದ್ದರಿಂದ ಅಪ್ಪಾಜಿ ಹೆಚ್ಚಿಗೆ ಕೇಳಲಿಲ್ಲ. ಒಂದೇ ಶನಿವಾರ ಕೂತು ಕೇದಾರ ಲಿಂಗಕ್ಕೆ ಹನ್ನೊಂದು ಬಗೆಯ ಅಲಂಕಾರ ಮಾಡಿ ಫೋಟೋ ತೆಗೆದುಕೊಂಡಿದ್ದ. ಅವೇ ಸರದಿಯ ಮೇಲೆ ವರ್ಷವಿಡೀ ತಿರುಗುತ್ತಿದ್ದವು. ವಿಭೂತಿ, ಕುಂಕುಮ ಹಾಸನದ ಮಾರ್ಕೆಟ್ಟಿನಿಂದ ಕೇಜಿ ಲೆಕ್ಕದಲ್ಲಿ ಬರುತ್ತಿತ್ತು. ಬಿಲ್ವಪತ್ರೆ ಆಫೀಸಿನ ಹಿಂದಿನ ಮರದ್ದು, ಟೆಲಿಫೋನ್ ಡೈರೆಕ್ಟರಿಯ ನಡುವೆ ಇಟ್ಟು ಒಣಗಿಸಿದ್ದು. ಮೆಸೇಜು ತಾನಾಗಿಯೇ ಹೋಗುತ್ತಿತ್ತು. ಗ್ರಹಣದ ದಿನ ಪಂಚಾಂಗ ನೋಡಿ ಅಭಿಷೇಕದ ಹೊತ್ತು ಬದಲಿಸುವುದನ್ನೂ ಕೇದಾರ ಮರೆತವನಲ್ಲ. "ಎಷ್ಟು ಶಾಸ್ತ್ರೋಕ್ತ!" ಎಂದು ಮಸ್ಕತ್ತಿನವರೊಬ್ಬರು ಆವತ್ತು ಹೊಗಳಿ ಬರೆದಿದ್ದರು.

ಆದರೆ ಅವನ ನಿಜವಾದ ಕೈಚಳಕ ಇದ್ದದ್ದು ವೆಬ್‌ಸೈಟಿನ ತಳದಲ್ಲಿ, ಯಾರೂ ಓದದ ಸಣ್ಣಕ್ಷರದಲ್ಲಿ. 'ರದ್ದತಿ ಮತ್ತು ವಾಪಸಾತಿ ನಿಯಮಗಳು.' ಅದನ್ನು ಬರೆಯಲು ಅವನು ಮೂರು ವಾರ ತೆಗೆದುಕೊಂಡಿದ್ದ. ಮೊದಲ ನಿಯಮ: ಚಂದಾ ಮುಗಿಯುವ ಹದಿನೈದು ದಿನ ಮುಂಚೆ ಪತ್ರ ಬರೆದು ಬೇಡವೆನ್ನದಿದ್ದರೆ ಇನ್ನೊಂದು ವರ್ಷಕ್ಕೆ ಅದು ಮುಂದುವರಿದಂತೆಯೇ. ಎರಡನೆಯದು ಇನ್ನೂ ಸೊಗಸು. ನಡುವೆ ನಿಲ್ಲಿಸಬೇಕೆನ್ನುವವರು ನಿಲ್ಲಿಸಬಹುದು. ಆದರೆ ದೇವರ ಮುಂದೆ ಮಾಡಿದ ಸಂಕಲ್ಪ ಅರ್ಧಕ್ಕೆ ಬಿಟ್ಟರೆ ಕುಟುಂಬಕ್ಕೆ ದೋಷ. ಆದ್ದರಿಂದ ಶಾಂತಿ ಮಾಡಿಸಿ ಸಂಕಲ್ಪ ವಿಸರ್ಜಿಸಬೇಕು. ಆ ಶಾಂತಿಯ ದಕ್ಷಿಣೆ ಉಳಿದ ತಿಂಗಳುಗಳ ಚಂದಾಕ್ಕೆ ಸಮ. ಇದನ್ನು ಓದಿದ ಮೇಲೆ ರದ್ದು ಮಾಡಿದವನು ಒಬ್ಬನೂ ಇಲ್ಲ. ಕೆಲಸ ಹೋದವರು ಕಟ್ಟಿದರು. ಗಂಡ ಹೆಂಡಿರು ಬೇರೆಯಾದ ಮೇಲೂ ಇಬ್ಬರೂ ಬೇರೆ ಬೇರೆಯಾಗಿ ಕಟ್ಟಿದರು. ಅವರ ಹೆದರಿಕೆ ನೋಡಿದಾಗ ಕೇದಾರನಿಗೆ ಕಲ್ಲುತೊಟ್ಟಿಯ ನೊಣಗಳೇ ಕಣ್ಣಿಗೆ ಕಟ್ಟುತ್ತಿದ್ದವು.

ಮೂರನೆಯ ನಿಯಮವನ್ನು ಮಾತ್ರ ಅವನು ದಪ್ಪಕ್ಷರದಲ್ಲಿ ಮೇಲೆಯೇ ಹಾಕಿದ್ದ. 'ಒಂದೇ ಒಂದು ದಿನ ಅಭಿಷೇಕ ತಪ್ಪಿದರೂ ಎಲ್ಲ ಸದಸ್ಯರಿಗೂ ಕಟ್ಟಿದ ಹಣ ಪೂರ್ತಿ ವಾಪಸ್. ಗುಡಿ ಬೀದಿಯ ನಿವಾಸಿಯೊಬ್ಬರು ಕಣ್ಣಾರೆ ಕಂಡು, ಸಹಿ ಮಾಡಿ ಕೊಟ್ಟ ಪತ್ರ ಸಾಕು.' ನಂಬಿಕೆ ಹುಟ್ಟಿಸಿದ್ದು ಈ ಧಾರಾಳ. ಇನ್ನೂರ ಹದಿನಾಲ್ಕು ಜನ ಸೇರಿದ್ದು ಇದನ್ನು ನೋಡಿಯೇ. ಕೇದಾರ ಬರೆದದ್ದು ಎಲ್ಲವನ್ನೂ ಅಳೆದು ತೂಗಿಯೇ. ಗುಡಿ ಬೀದಿಯಲ್ಲಿ ಈಗ ಹೊಗೆಯಾಡುತ್ತಿದ್ದದ್ದು ಮೂರು ಮನೆ. ಒಂದು ಅಪ್ಪಾಜಿಯದು. ಇನ್ನೊಂದರಲ್ಲಿ ಬಾಡಿಗೆಗಿದ್ದವರು ಎಂಟಕ್ಕೆ ಮೊದಲು ಹಾಸಿಗೆ ಬಿಟ್ಟವರಲ್ಲ. ಮೂರನೆಯದು, ಗುಡಿಗೆ ಎದುರುಗಡೆ, ಶ್ರೀರಂಗಮ್ಮನವರದು.

ಶ್ರೀರಂಗಮ್ಮ ಮಿಡ್ಲ್ ಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ಊರಿಗೆಲ್ಲ ಮೇಷ್ಟ್ರಮ್ಮ, ಕೇದಾರನಿಗೆ ರಂಗತ್ತೆ. ತಾಯಿಯಿಲ್ಲದ ಕೇದಾರನಿಗೆ ಅಕ್ಷರ ಕಲಿಸಿದವರು, ತೊಟ್ಟಿ ತೊಳೆದು ಬಂದಾಗ ಸೀಗೆಪುಡಿ ಹಾಕಿ ಕೈ ಉಜ್ಜಿದವರು. ಮಕ್ಕಳು ಮರಿ ಇಲ್ಲ. ದಿನವೂ ಗುಡಿಯ ಮುಂದೆ ಗುಡಿಸಿ ರಂಗೋಲಿ ಇಟ್ಟು, ಎಂಟರವರೆಗೆ ತಮ್ಮ ಜಗಲಿಯ ಮೇಲೆ ಕೂತು ಪೇಪರ್ ಓದುತ್ತಿದ್ದರು. ಕಂಪ್ಯೂಟರಿನ ಗಂಧಗಾಳಿ ಅವರಿಗಿರಲಿಲ್ಲ. ಮುದುಕಿ ಯಾರಿಗೆ ಏನು ಬರೆದುಕೊಟ್ಟಾಳು ಎಂದು ಕೇದಾರ ಆ ಮನೆಯನ್ನು ಲೆಕ್ಕದಿಂದ ಬಿಟ್ಟಿದ್ದ.

ಪುಣೆಯ ಬ್ಯಾಂಕೊಂದರಲ್ಲಿ ಕೆಲಸದಲ್ಲಿದ್ದ ಶ್ರೀಗೌರಿ ಎಂಬಾಕೆ ತೀರಿಕೊಂಡ ತಾಯಿಯ ನೆನಪಿಗೆಂದು ಚಂದಾ ಕಟ್ಟಿದ್ದಳು. ಆ ತಾಯಿ ಶ್ರೀರಂಗಮ್ಮನ ತಂಗಿ ಎಂಬುದು ಕೇದಾರನಿಗೆ ಗೊತ್ತಾದದ್ದು ೨೦೦೭ರ ಸಂಕ್ರಾಂತಿಯ ಮಾರನೆಯ ದಿನ. ಹಬ್ಬಕ್ಕೆ ಫೋನ್ ಮಾಡಿದಾಗ ಶ್ರೀಗೌರಿ, "ದೊಡ್ಡಮ್ಮ, ಅಮ್ಮನ ಹೆಸರು ದಿನಾ ಕೇಳಿಸತ್ತಾ ಏಳೂವರೆಗೆ?" ಎಂದಳಂತೆ. ಆ ಕಡೆಯಿಂದ, "ಏಳೂವರೆಗೆ ಯಾವ ಅಭಿಷೇಕವೇ? ಏಳಕ್ಕೆಲ್ಲ ಬೀಗ ಹಾಕಿರ್ತಾನೆ ಅಪ್ಪಾಜಿ!" ಎಂದು ಬಂತಂತೆ.

ಇದನ್ನೆಲ್ಲ ತಿಳಿಸಿ ಶ್ರೀಗೌರಿ ಚಂದಾ ರದ್ದು ಮಾಡಿ ಎಂದು ಬರೆದಳು. ಕೇದಾರ ಎರಡನೆಯ ನಿಯಮ ಕಳಿಸಿದ. ಅವಳಿಂದ ಒಂದೇ ಸಾಲಿನ ಉತ್ತರ ಬಂತು: ದೋಷ ಬಂದರೆ ನನಗೇ ಬರಲಿ. ಮರುದಿನ ಎರಡನೆಯ ಮೇಲ್: ನಿಮ್ಮ ಮೂರನೆಯ ನಿಯಮ ಓದಿದೆ. ದೊಡ್ಡಮ್ಮ ಕೊಣನೂರಿನಲ್ಲಿ ತಮ್ಮನ ಮೊಮ್ಮಗುವಿನ ನಾಮಕರಣಕ್ಕೆ ಹೋಗಿದ್ದಾರೆ, ಮಂಗಳವಾರ ಸಂಜೆ ಮರಳುತ್ತಾರೆ. ಪತ್ರ ಬರೆದಿಟ್ಟಿರುತ್ತಾರೆ. ಬುಧವಾರ ಬೆಳಿಗ್ಗೆ ಏಳೂಕಾಲಿನ ಬಸ್ಸಿಗೆ ನಾನು ಬಂದು ಅದನ್ನು ತೆಗೆದುಕೊಂಡು, ಮಧ್ಯಾಹ್ನ ನಿಮ್ಮ ಆಫೀಸಿಗೆ ಬರುತ್ತೇನೆ. ನನ್ನೊಬ್ಬಳದಲ್ಲ, ಎಲ್ಲರ ಹಣವನ್ನೂ ಕೇಳಲು.

ಬೇರೆ ಹೊತ್ತಾಗಿದ್ದರೆ ಕೇದಾರ ಮೆಲ್ಲಗೆ ನಯ ಮಾಡಿ ತಣ್ಣಗಾಗಿಸುತ್ತಿದ್ದ. ಆದರೆ ಚನ್ನರಾಯಪಟ್ಟಣದ ಸುದರ್ಶನ್ ಅದೇ ವಾರ ಶುಕ್ರವಾರ ಬರುವವನಿದ್ದ. ಕೊಬ್ಬರಿ ವ್ಯಾಪಾರದಲ್ಲಿ ಕುಳವಾದವನು. ನಿತ್ಯಸಂಕಲ್ಪವನ್ನು ಇಡಿಯಾಗಿ ಕೊಂಡು, ಶಿವರಾತ್ರಿಯ ಹೊತ್ತಿಗೆ ಐವತ್ತು ಗುಡಿಗೆ ಹರಡಬೇಕೆಂದಿದ್ದ. ಹಿಂದಿನ ವಾರ ಬಂದು ಕುರ್ಚಿಯಲ್ಲಿ ಕಾಲು ಚಾಚಿ ನಕ್ಕಿದ್ದ.

"ಏನ್ ಸಾ, ದೇವ್ರುನ್ನೂ ಪ್ರೀಪೇಯ್ಡ್ ಮಾಡ್ಬುಟ್ರಲ್ಲ! ಕರೆನ್ಸಿ ಖಾಲಿಯಾದ್ರೆ ವರ ಕಟ್ಟಾ?"

"ಹಾಗೇನಿಲ್ಲ, ತಾನೇ ರೀಚಾರ್ಜ್ ಆಗತ್ತೆ," ಎಂದಿದ್ದ ಕೇದಾರ.

"ಅದೇ ಕಣ್ ಸಾ ನಂಗ್ ಇಡಿಸಿದ್ದು. ನಾನು ಕೇಳೋದು ಒಂದೇಯ. ಮೂರ್ ವರ್ಸದಾಗೆ ಒಂದೇ ಒಂದು ರೀಫಂಡ್ ಕೊಟ್ಟಿಲ್ಲ ಅಂದ್ರಲ್ಲ, ಅದು ಅಂಗೇ ಇರ್ಬೇಕು. ಒಂದ್ ಕೊಟ್ರೂ ನಂಗೆ ಈ ಯವಾರ ಬ್ಯಾಡ."

ಸುದರ್ಶನ್ ಎದ್ದು ಹೋದ ಮೇಲೆ ಕುರ್ಚಿಯಲ್ಲಿ ಕೊಬ್ಬರಿ ಎಣ್ಣೆಯ ವಾಸನೆ ಉಳಿದಿತ್ತು. ಕೇದಾರ ಕಿಟಕಿ ತೆಗೆದ. ಈ ಶುಕ್ರವಾರ ದಾಟಿದರೆ ಮತ್ತೆಂದೂ ಎಣ್ಣೆ, ಹಾಲು, ಜನ ಯಾವುದರ ವಾಸನೆಯೂ ಇಲ್ಲದ ಕಡೆ ಹೋಗಿ ಇರಬಹುದು. ದಾಟದಿದ್ದರೆ ಇನ್ನೂರ ಹದಿನಾಲ್ಕು ಮನೆಗಳವರು, ಪೊಲೀಸು, ಜೈಲು. ಇವೆರಡರ ನಡುವೆ ನಿಂತಿದ್ದದ್ದು ಒಬ್ಬ ಮುದುಕಿಯ ಒಂದು ಸಹಿ.

ಶ್ರೀಗೌರಿಯ ಮಾತಿಗೆ ಬೆಲೆಯಿರಲಿಲ್ಲ; ಅವಳು ಬೀದಿಯವಳಲ್ಲ. ಅಪ್ಪಾಜಿ ಅಣ್ಣನ ಮಗನನ್ನು ಬಿಟ್ಟುಕೊಡುವವರಲ್ಲ. ಬಾಡಿಗೆಯವರು ನಿದ್ದೆಯ ಜನ. ರಂಗತ್ತೆಯ ಹೊರತು ಬೇರೆ ಸಾಕ್ಷಿಯೇ ಇಲ್ಲ. ಮಂಗಳವಾರ ಸಂಜೆಯವರೆಗೆ ಅವರು ಕೊಣನೂರಿನಲ್ಲಿ, ನೆಂಟರ ನಡುವೆ. ಬುಧವಾರ ಏಳೂಕಾಲಿಗೆ ಶ್ರೀಗೌರಿ. ಆರಕ್ಕೆ ಹಾಲು ಹಾಕುವ ಹೊನ್ನಕ್ಕ. ಮುದುಕಿ ಏಳುವುದು ನಾಲ್ಕಕ್ಕೆ. ಹೊತ್ತು ತಾನಾಗಿಯೇ ಗೊತ್ತಾಗಿಹೋಯಿತು. ಅದನ್ನು ಹುಡುಕುವ ಶ್ರಮವೂ ಅವನಿಗೆ ಬೀಳಲಿಲ್ಲ.

ಬುಧವಾರ ನಾಲ್ಕಕ್ಕೆ ಕೇದಾರ ಬೈಕು ತೆಗೆದ. ಮಾಘದ ಚಳಿ, ಮೊಸಳೆ ಎಂಬ ಊರು ದಾಟುವವರೆಗೆ ರಸ್ತೆಯ ಮೇಲೆ ಮಂಜು. ತಲೆಗೆ ಮಫ್ಲರ್ ಸುತ್ತಿದ್ದ. ಬೈಕನ್ನು ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ, ಮೊದಲ ಬಸ್ಸಿಗೆ ಹೋದವರು ಬಿಟ್ಟ ಬೈಕುಗಳ ನಡುವೆ ನಿಲ್ಲಿಸಿ, ಹೊಳೆಯ ಕಡೆಯ ಓಣಿಯಲ್ಲಿ ನಡೆದು, ಹಿತ್ತಿಲ ಬಾಗಿಲು ತಟ್ಟಿದ.

"ಯಾರು?"

"ನಾನು ರಂಗತ್ತೆ. ಕೇದಾರ."

ಬಾಗಿಲು ತೆರೆಯಿತು. ಮಿಂದು ಮಡಿಯುಟ್ಟು, ಹಣೆಗೆ ವಿಭೂತಿ ಇಟ್ಟುಕೊಂಡು ನಿಂತಿದ್ದರು ಶ್ರೀರಂಗಮ್ಮ. ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಬರ್ತೀಯ ಅಂತ ಗೊತ್ತಿತ್ತು ಕಣೋ. ಇಷ್ಟು ಬೇಗ ಅಂದ್ಕೊಂಡಿರಲಿಲ್ಲ. ಹಿತ್ತಿಲಿಂದ ಯಾಕೆ ಬಂದೆ, ಕಳ್ಳನ ಹಾಗೆ?"

"ಬೀದೀಲಿ ಯಾರಾದ್ರೂ ನೋಡಿದ್ರೆ ನಾಚಿಕೆ ಅತ್ತೆ."

"ನಾಚಿಕೆ ಇನ್ನೂ ಉಳಿದಿದೆಯಲ್ಲ, ಅಷ್ಟೇ ಸಂತೋಷ. ಕೂತ್ಕೋ. ನಿನ್ನೆ ಹಾಲಿದೆ, ಕಾಫಿ ಬೆರೆಸ್ತೀನಿ."

ಹಾಲಿನ ಪಾತ್ರೆ ಒಲೆಯ ಮೇಲೆ ಏರಿತು. ಗೋಡೆಯ ಗೂಡಿನಲ್ಲಿದ್ದ ಪತ್ರವನ್ನು ಅವರೇ ತಂದು ಅವನ ಕೈಗಿಟ್ಟರು. ಗೆರೆ ಹಾಕಿದ ಹಾಳೆ, ಮೇಷ್ಟ್ರ ದುಂಡಕ್ಷರ. 'ಮಳಲೇಶ್ವರನ ಗುಡಿಯಲ್ಲಿ ಬೆಳಗಿನ ಏಳೂವರೆಗೆ ಅಭಿಷೇಕ ನಡೆದದ್ದನ್ನು ನಾನು ಒಂದು ದಿನವೂ ಕಂಡಿಲ್ಲ.' ಕೆಳಗೆ ಸಹಿ.

"ಎಲ್ಲರ ಹಣ ವಾಪಸ್ ಮಾಡ್ತೀನಿ ಅಂತ ಇವತ್ತು ಗೌರಿ ಮುಂದೆ ಒಪ್ಪಿಕೋ," ಎಂದರು. "ಸ್ವಲ್ಪ ಸ್ವಲ್ಪ ತೀರಿಸು. ಇದನ್ನ ನಾನೇ ಹರಿದು ಒಲೆಗೆ ಹಾಕ್ತೀನಿ. ನನ್ನ ಪೆನ್ಷನ್ನಲ್ಲೂ ಒಂದಿಷ್ಟು ಕೊಡ್ತೀನಿ. ನಿಮ್ಮಪ್ಪ ಆ ಕಲ್ಲಿಗೆ ನೀರು ಹೊಯ್ದು ಬದುಕಿದೋರು ಕಣೋ. ಅವರ ಹೆಸರು ಠಾಣೆಯಲ್ಲಿ ಕೂಗೋದು ಬೇಡ."

ಬೈದಿದ್ದರೆ ಕೇದಾರನಿಗೆ ಇಷ್ಟು ಅಸಹ್ಯವಾಗುತ್ತಿರಲಿಲ್ಲ. ಈ ಕ್ಷಮೆ, ಈ ಪೆನ್ಷನ್ನು, ಸೀಗೆಪುಡಿ ಹಾಕಿ ಉಜ್ಜಿದ ಆ ಕೈಗಳು. ಇಷ್ಟು ವರ್ಷದ ಮೇಲೂ ಈ ಹೆಂಗಸು ಅವನ ಕೈಯಲ್ಲಿ ಅಂಟನ್ನೇ ಕಾಣುತ್ತಿದ್ದಳು. ಅವನು ತಲೆ ತಗ್ಗಿಸಿದ.

"ಆಗಲಿ ಅತ್ತೆ. ಅಪ್ಪನ ಮಂತ್ರದ ಪುಸ್ತಕ ನಿಮ್ಮ ಅಟ್ಟದ ಮೇಲಿದೆ ಅಂತಿದ್ರು. ಇವತ್ತು ಅದನ್ನ ಒಂದ್ಸಲ ಕೈಯಲ್ಲಿ ಹಿಡೀಬೇಕು ಅನಿಸ್ತಿದೆ."

ಶ್ರೀರಂಗಮ್ಮನ ಕಣ್ಣು ತುಂಬಿತು. "ಇದೆ ಕಣಪ್ಪ, ಟ್ರಂಕಿನಲ್ಲಿ. ನಿನಗೆ ಸಿಗಲ್ಲ, ನಾನೇ ತೆಗೀತೀನಿ. ಬ್ಯಾಟರಿ ಹಿಡಿ."

ಅಟ್ಟಕ್ಕೆ ಹೋಗುವ ಮರದ ಮೆಟ್ಟಿಲು ಏಣಿಯಷ್ಟೇ ಕಡಿದು. ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ಹಗ್ಗ ಹಿಡಿದು ಅವರು ಹತ್ತಿದರು. ಬ್ಯಾಟರಿ ಬೆಳಕು ಚೆಲ್ಲುತ್ತ ಅವನು ಹಿಂದೆ ಹತ್ತಿದ. ಪುಸ್ತಕ ನಿಜವಾಗಿಯೂ ಅಲ್ಲಿತ್ತು. ಅದನ್ನು ಸೆರಗಿನಲ್ಲಿ ಒರೆಸಿ ಅವನ ಕೈಗೆ ಕೊಟ್ಟು, ಇಳಿಯಲು ಅವರು ಮೆಟ್ಟಿಲ ತುದಿಗೆ ಬಂದರು. ಒಂದು ಕೈ ಸಾಕಾಯಿತು. ಕೆಳಗೆ ಕಲ್ಲಿನ ನೆಲದ ಮೇಲೆ ತೆಂಗಿನಕಾಯಿ ಒಡೆದಂಥ ಸದ್ದು. ಆಮೇಲೆ ಏನೂ ಇಲ್ಲ.

ಅವನಿಗೆ ವಾಕರಿಕೆ ಬಂದದ್ದು ಆ ಸದ್ದಿಗಲ್ಲ, ಅಡಿಗೆಮನೆಯಿಂದ ಬಂದ ವಾಸನೆಗೆ. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿ ಸೀಯುತ್ತಿತ್ತು.

ಇಲ್ಲಿ ಅವಸರ ಮಾಡುವವರು ಸಿಕ್ಕಿಬೀಳುತ್ತಾರೆಂದು ಕೇದಾರನಿಗೆ ಗೊತ್ತಿತ್ತು. ಒಲೆ ಆರಿಸಿದ. ಹಾಲು ಒಲೆಯ ಮೇಲಿಟ್ಟು ಯಾರೂ ಅಟ್ಟ ಹತ್ತುವುದಿಲ್ಲ. ಹಾಗಾಗಿ ಪಾತ್ರೆಯನ್ನು ಬರಿಗೈಯಲ್ಲಿ, ಹಲ್ಲು ಕಚ್ಚಿಕೊಂಡು ಉಜ್ಜಿ ತೊಳೆದು ಬೋರಲು ಹಾಕಿದ. ಒಲೆ ಒರೆಸಿದ. ಪತ್ರ ಜೇಬಿಗೆ ಸೇರಿತು. ಮೇಷ್ಟ್ರಮ್ಮ ಎಂದೂ ಕರಡು ಬರೆಯದೆ ಏನನ್ನೂ ಬರೆಯುವವರಲ್ಲ ಎಂಬುದೂ ಅವನಿಗೆ ನೆನಪಿತ್ತು. ಹುಡುಕಿದ, ಪಂಚಾಂಗದ ನಡುವೆ ಕರಡೂ ಸಿಕ್ಕಿತು. ಅದೂ ಜೇಬಿಗೆ. ಮಂತ್ರದ ಪುಸ್ತಕವನ್ನು ಮತ್ತೆ ಟ್ರಂಕಿನೊಳಗಿಟ್ಟ. ಬ್ಯಾಟರಿಯನ್ನು ಅವರ ಬಲಗೈಯ ಹತ್ತಿರ, ಉರಿಯುತ್ತಿರುವ ಹಾಗೆಯೇ ಇಟ್ಟ. ಹೊನ್ನಕ್ಕ ಒಳಗೆ ಬಂದು ಹಾಲು ಇಟ್ಟು ಹೋಗಲೆಂದು ಬೀದಿ ಬಾಗಿಲ ಅಗುಳಿ ತೆಗೆದಿರುವುದು ಆ ಮನೆಯ ವಾಡಿಕೆ, ಅದನ್ನೂ ತೆಗೆದ. ಹಿತ್ತಿಲಿಂದ ಹೊರಬಿದ್ದಾಗ ಐದೂ ಹತ್ತು.

ಆರಕ್ಕೆ ಸರಿಯಾಗಿ ಹಾಸನದ ಆಫೀಸಿನಲ್ಲಿದ್ದ. ಎರಡೂ ಹಾಳೆ ಸುಟ್ಟು ಬೂದಿಯನ್ನು ನಲ್ಲಿಯ ನೀರಿನಲ್ಲಿ ಹರಿಯಬಿಟ್ಟ. ಮೂರು ಸಲ ಸೋಪು ಹಚ್ಚಿ ಕೈ ತೊಳೆದ. ಕಂಪ್ಯೂಟರಿನಲ್ಲಿ ಎಂಟು ಗಂಟೆಯ ಮೆಸೇಜು ಸಿದ್ಧವಾಗಿ ಕೂತಿತ್ತು. ಇವತ್ತೊಂದು ದಿನ ನಿಲ್ಲಿಸಲೇ ಎಂದು ಬೆರಳು ಒಂದು ಗಳಿಗೆ ತಡೆಯಿತು. ಬೇಡ. ತಪ್ಪು ಮಾಡಿದ ದಿನ ಮನುಷ್ಯ ಬೇರೆ ಥರ ನಡೆದುಕೊಳ್ಳುತ್ತಾನೆ, ಕೆಟ್ಟುಹೋಗುವುದು ಅಲ್ಲಿಯೇ. ಇವತ್ತು ಮೆಸೇಜು ನಿಂತರೆ ಇವತ್ತೇ ಯಾಕೆ ನಿಂತಿತು ಎಂದು ಯಾರಾದರೂ ಕೇಳಿಯಾರು. ಎಲ್ಲ ದಿನದ ಹಾಗೆಯೇ ಇರಲಿ ಈ ದಿನವೂ. ಕೈ ಹಿಂದಕ್ಕೆ ತೆಗೆದುಕೊಂಡ.

ಆರೂವರೆಗೆ ಫೋನು ಬಂತು. ಆ ಕಡೆ ಅಪ್ಪಾಜಿ.

"ಕೇದಾರ... ರಂಗಕ್ಕ ಹೋಗ್ಬಿಟ್ಟಳು ಕಣೋ. ಅಟ್ಟದಿಂದ ಬಿದ್ದಿದಾಳೆ. ಬೇಗ ಬಾರಪ್ಪ."

"ಅಯ್ಯೋ ಚಿಕ್ಕಪ್ಪ!" ಎಂದ ಕೇದಾರ. ದನಿ ತಾನಾಗಿಯೇ ನಡುಗಿದ್ದು ಅವನಿಗೆ ಮೆಚ್ಚುಗೆಯಾಯಿತು.

ಗುಡಿ ಬೀದಿಗೆ ಬರುವ ಹೊತ್ತಿಗೆ ಎಂಟಕ್ಕೆ ಹತ್ತು ನಿಮಿಷ. ಶ್ರೀರಂಗಮ್ಮನ ಮನೆ ಮುಂದೆ ಇಪ್ಪತ್ತು ಮೂವತ್ತು ಜನ. ಬಾಡಿಗೆ ಮನೆಯವರೂ ಎದ್ದು ಬಂದಿದ್ದರು. ನಡುಮನೆಯಲ್ಲಿ ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು, ತಲೆಯ ಹತ್ತಿರ ದೀಪ. ಬಾಗಿಲಲ್ಲಿ ಹೊನ್ನಕ್ಕ ಹಾಲಿನ ಕ್ಯಾನು ಪಕ್ಕಕ್ಕಿಟ್ಟು ಎದೆ ಬಡಿದುಕೊಳ್ಳುತ್ತಿದ್ದಳು.

"ಬ್ಯಾಟ್ರಿ ಅಂಗೇ ಉರೀತಾ ಇತ್ತು ಕಣ್ರಪ್ಪಾ! ನಾನು 'ಮೇಷ್ಟ್ರಮ್ಮಾ, ಆಲು' ಅಂದೆ. ಓ ಅನ್ನಲಿಲ್ಲ. ವಯಸ್ಸಾದೋರು, ಅಟ್ಟ ಅತ್ತಬ್ಯಾಡಿ ಅಂತ ಎಷ್ಟ್ ದಪ ಬಡ್ಕಂಡಿದ್ದೆ!"

ಹೆಡ್ ಕಾನ್‌ಸ್ಟೆಬಲ್ ಬೋರಪ್ಪ ಜಗಲಿಯ ಮೇಲೆ ಕೂತು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುತ್ತಿದ್ದ. ಕೇದಾರನನ್ನು ಕಂಡು ತಲೆಯಾಡಿಸಿದ. "ಕಾಲು ಜಾರೈತೆ, ಬುಡಿ ಸಾ. ಸಂಜೆ ಒಳಗೆ ಎಲ್ಲಾ ಮುಗಿಸ್ಕಬೋದು."

ಕೇದಾರ ಒಳಗೆ ಹೋಗಿ ನಮಸ್ಕಾರ ಮಾಡಿದ. ಸಾವಿನ ವಾಸನೆ ಬರುವುದೇನೋ ಎಂದು ಉಸಿರು ಬಿಗಿಹಿಡಿದಿದ್ದ. ಊದಿನಕಡ್ಡಿಯ ವಾಸನೆಯಷ್ಟೇ ಬಂತು. ಹೆಣದ ಪಕ್ಕ ಕೂತಿದ್ದ ಹೆಂಗಸು ತಲೆಯೆತ್ತಿದಳು. ದಣಿದ ಮುಖ, ಕೆಂಪಾದ ಕಣ್ಣು, ಕಾಲ ಬಳಿ ಇನ್ನೂ ಬಿಚ್ಚದ ಬ್ಯಾಗು.

"ನೀವು ಕೇದಾರ್ ಅಲ್ವಾ? ನಾನು ಶ್ರೀಗೌರಿ." ಅವಳ ದನಿ ಮೆಲ್ಲಗಿತ್ತು, ಹೊರಗಿನ ಜನಕ್ಕೂ ಕೇಳುವಷ್ಟಿತ್ತು. "ಪತ್ರ ಬರೆದಿಟ್ಟಿದೀನಿ ಅಂತ ನಿನ್ನೆ ರಾತ್ರಿ ದೊಡ್ಡಮ್ಮ ಫೋನಲ್ಲಿ ಹೇಳಿದ್ರು. ಗೂಡಲ್ಲಿ ನೋಡಿದೆ. ಇಲ್ಲ."

ಇದಕ್ಕೂ ಕೇದಾರ ಸಿದ್ಧನಾಗಿಯೇ ಬಂದಿದ್ದ. ಕಣ್ಣೊರೆಸಿಕೊಂಡ. "ನನಗೂ ಅತ್ತೆ ಅವರು ಅಮ್ಮಾ. ಈ ಹೊತ್ತಲ್ಲಿ ಅದೆಲ್ಲ ಯಾಕೆ? ನಿಮ್ಮ ತಾಯಿಯವರ ಸೇವೆ ಒಂದು ದಿನವೂ ತಪ್ಪಿಲ್ಲ. ಅತ್ತೆಗೆ ವಯಸ್ಸು, ಮರೆವು. ಬೆಳಗಿನ ಹೊತ್ತು ಪೇಪರಿನಲ್ಲಿ ಮುಳುಗಿರೋರು, ಗಂಟೆ ಕೇಳಿಸಿರಲಿಕ್ಕಿಲ್ಲ."

ಬಾಗಿಲಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಶ್ರೀಗೌರಿ ದೀಪದ ಬತ್ತಿ ಸರಿಮಾಡಿದಳು. ಕೇದಾರ ಹೊರಗೆ ಬಂದು, ಜಗಲಿಯ ಕಂಬಕ್ಕೆ ಒರಗಿ, ಮೊದಲ ಸಲ ಎದೆ ತುಂಬ ಉಸಿರೆಳೆದುಕೊಂಡ. ಎದುರುಗಡೆ ಗುಡಿಯ ಮೆಟ್ಟಿಲ ಮೇಲೆ ಅಪ್ಪಾಜಿ ಒದ್ದೆ ಪಂಚೆಯಲ್ಲಿ ಮುದುಡಿ ಕೂತಿದ್ದರು, ಪಕ್ಕದಲ್ಲಿ ತುಂಬಿದ ಕೊಡ. ಪಾಪ, ದುಃಖ, ಅಂದುಕೊಂಡ. ನಾಡಿದ್ದು ಶುಕ್ರವಾರ.

ಎಂಟು ಗಂಟೆಗೆ ಶ್ರೀಗೌರಿಯ ಕೈಯಲ್ಲಿದ್ದ ಮೊಬೈಲು ಕಿಣಿ ಕಿಣಿ ಎಂದಿತು. ಅವಳು ನೋಡಿದಳು, ಇನ್ನೊಮ್ಮೆ ನೋಡಿದಳು, ಎದ್ದು ಬಾಗಿಲಿಗೆ ಬಂದು ಎಲ್ಲರಿಗೂ ಕೇಳುವ ಹಾಗೆ ಓದಿದಳು: "'ಇಂದು ಬೆಳಿಗ್ಗೆ ಏಳೂವರೆಗೆ ಹೊಳೆನರಸೀಪುರದ ಮಳಲೇಶ್ವರ ಸ್ವಾಮಿಗೆ ತಮ್ಮ ಹೆಸರಿನಲ್ಲಿ ರುದ್ರಾಭಿಷೇಕ ಸಾಂಗವಾಗಿ ನೆರವೇರಿತು.'" ಹೊನ್ನಕ್ಕನ ಅಳು ನಿಂತಿತು. ಬಾಡಿಗೆ ಮನೆಯವನು ಗುಡಿಯ ಕಡೆ ತಿರುಗಿ ನೋಡಿದ. ಅವನ ಹಿಂದೆ ಬೀದಿಗೆ ಬೀದಿಯೇ ತಿರುಗಿತು. ಬೋರಪ್ಪನ ಪೆನ್ನು ಪುಸ್ತಕದ ಮೇಲೆ ತಡೆಯಿತು. ಅಪ್ಪಾಜಿ ಮಂಡಿ ಹಿಡಿದುಕೊಂಡು ಎದ್ದರು. ಅವರ ಬೆನ್ನ ಹಿಂದೆ ಗುಡಿಯ ಬಾಗಿಲಿಗೆ ನಿನ್ನೆ ಹಾಕಿದ ಬೀಗ ಹಾಗೆಯೇ ತೂಗುತ್ತಿತ್ತು. ಮೂರು ವರ್ಷ ಕಂಪ್ಯೂಟರಿನೊಳಗೇ ಪೂಜೆ ಮಾಡಿಕೊಂಡಿದ್ದ ಕೇದಾರನಿಗೆ, ಅರ್ಚಕರ ಮನೆಯಲ್ಲಿ ಹುಟ್ಟಿದ ಕೂಸೂ ಬಲ್ಲ ಆ ಒಂದು ಸಂಗತಿ ಆಗ ನೆನಪಾಯಿತು. ಆ ಹೊತ್ತಿಗೆ ಚಿಕ್ಕಪ್ಪನ ಬಾಯಿಂದ ಅದು ಬಂದೂ ಆಗಿತ್ತು. "ಹೆಣ ಬೀದಿ ಬಿಟ್ಟು ಹೋಗೋ ತನಕ ದೇವರಿಗೆ ಒಂದು ಚೊಂಬು ನೀರೂ ಇಲ್ಲ ಅಂತ ನಾನು ಆರೂವರೆಯಿಂದ ಬೀಗದ ಕೈ ಹಿಡ್ಕೊಂಡು ಇಲ್ಲೇ ಕೂತಿದೀನಿ. ಅಭಿಷೇಕ ಯಾರು ಮಾಡಿದರೋ, ಕೇದಾರ?"